ತೋಮ ನಿಜಕ್ಕೂ ಮುಟ್ಟಿದನೇ? ಪುನರುತ್ಥಾನದ ಚಿತ್ರಗಳನ್ನು ನೋಡಲು ಒಂದು ಮಾರ್ಗದರ್ಶಿ

ಸತ್ತು ಎದ್ದುಬಂದ ಯೇಸುವಿನ ಗಾಯಕ್ಕೆ ಆತನ ಶಿಷ್ಯ ತೋಮ ಬೆರಳಿಟ್ಟು ನೋಡಿದ, ಆಮೇಲೆ ನಂಬಿದ. ಈ ಕಥೆ ಗೊತ್ತಿರುವವರನ್ನು ಕೇಳಿದರೆ ಹೆಚ್ಚುಕಡಿಮೆ ಎಲ್ಲರೂ ಹೀಗೇ ಹೇಳುತ್ತಾರೆ. ಈಗ ಯೋಹಾನನ ಸುವಾರ್ತೆಯ, ಅಂದರೆ ಯೇಸುವಿನ ಬದುಕನ್ನು ಹೇಳುವ ಬೈಬಲಿನ ನಾಲ್ಕು ಪುಸ್ತಕಗಳಲ್ಲಿ ಒಂದರ, 20ನೇ ಅಧ್ಯಾಯ ತೆರೆದು ನೋಡಿ. ಬೆರಳಿಡು ಎಂದು ಯೇಸು ಕರೆಯುವುದು ಅಲ್ಲಿದೆ. ತೋಮ ಬೆರಳಿಟ್ಟ ಎಂಬ ಮಾತು ಎಲ್ಲೂ ಇಲ್ಲ.

ಹಾಗಾದರೆ ಆ ಬೆರಳು ನಮ್ಮ ಮನಸ್ಸಿಗೆ ಬಂದದ್ದು ಎಲ್ಲಿಂದ? ಬಹುಮಟ್ಟಿಗೆ ಚಿತ್ರಗಳಿಂದ, ಶಿಲ್ಪಗಳಿಂದ. ಕಥೆ ಬರೆಯುವವರು ಒಂದು ಕ್ಷಣವನ್ನು ಹೇಳದೇ ಬಿಡಬಹುದು. ಚಿತ್ರ ಬರೆಯುವವರಿಗೆ ಅದು ಸಾಧ್ಯವಿಲ್ಲ. ಬೆರಳನ್ನು ಎಲ್ಲಾದರೂ ಇಡಲೇಬೇಕು: ಗಾಯದ ಒಳಗೆ, ಗಾಯದ ಹತ್ತಿರ, ಇಲ್ಲವೇ ದೂರದಲ್ಲಿ. ಎಲ್ಲಿಟ್ಟರು ಎನ್ನುವುದರಲ್ಲೇ ನಂಬಿಕೆಯ ಬಗ್ಗೆ ಅವರ ನಿಲುವು ಕಾಣುತ್ತದೆ. ಈ ಚಿತ್ರಗಳನ್ನು ನೋಡುವ ಅತ್ಯಂತ ಒಳ್ಳೆಯ ದಾರಿ ಅದೇ ಎಂದು ನಾನು ನಂಬಿದ್ದೇನೆ. ಮುಖ ಆಮೇಲೆ ನೋಡೋಣ, ಬಣ್ಣ ಆಮೇಲೆ ನೋಡೋಣ. ಮೊದಲು ಕೈಗಳನ್ನು ನೋಡಿ.

ನೀವು ಕ್ರೈಸ್ತರಾಗಿರಬೇಕು ಅಂತೇನೂ ಇಲ್ಲ. ಕಲೆಯ ಇತಿಹಾಸ ಓದಿರಬೇಕು ಅಂತಲೂ ಇಲ್ಲ. ಒಂದು ಬೈಬಲ್, ಚಿತ್ರವನ್ನು ದೊಡ್ಡದು ಮಾಡಿ ನೋಡಬಹುದಾದ ಒಂದು ಪರದೆ, ಅವಸರವಿಲ್ಲದ ಒಂದು ಸಂಜೆ ಇದ್ದರೆ ಸಾಕು.

ಹೆಜ್ಜೆ 1: ಚಿತ್ರಕ್ಕಿಂತ ಮೊದಲು ಕಥೆ ಓದಿ

ಓದಬೇಕಾದದ್ದು ಜಾಸ್ತಿ ಏನಿಲ್ಲ. ಮತ್ತಾಯ 28, ಮಾರ್ಕ 16ರ ಮೊದಲ ಎಂಟು ವಚನಗಳು, ಲೂಕ 24, ಯೋಹಾನ 20. ಕೈಯಲ್ಲಿ ಪೆನ್ಸಿಲ್ ಇರಲಿ. ಕೈ, ಪಾದ, ಬೆರಳು, ಹಿಡಿ, ಮುಟ್ಟು ಎಂಬ ಮಾತು ಬಂದ ಕಡೆಯಲ್ಲೆಲ್ಲ ಗೆರೆ ಎಳೆಯಿರಿ.

ಮಾರ್ಕನಲ್ಲಿ ಹೆಂಗಸರು ಸಮಾಧಿಯಿಂದ ನಡುಗುತ್ತಾ ಓಡಿಹೋಗುತ್ತಾರೆ. ನಮಗೆ ಸಿಕ್ಕಿರುವ ತೀರಾ ಹಳೆಯ ಹಸ್ತಪ್ರತಿಗಳಲ್ಲಿ ಆ ಸುವಾರ್ತೆ ಅಲ್ಲಿಗೇ ನಿಂತುಬಿಡುತ್ತದೆ. ಯಾರೂ ಯಾರನ್ನೂ ಮುಟ್ಟುವುದಿಲ್ಲ. ಮತ್ತಾಯನಲ್ಲಿ ದಾರಿಯಲ್ಲಿ ಯೇಸು ಎದುರಾಗುತ್ತಾನೆ, ಹೆಂಗಸರು ಆತನ ಪಾದ ಹಿಡಿದುಕೊಳ್ಳುತ್ತಾರೆ. ಆತ ಬೇಡ ಎನ್ನುವುದಿಲ್ಲ. ಲೂಕನಲ್ಲಿ ಆತನೇ ಕರೆಯುತ್ತಾನೆ. ಭೂತವೇನೋ ಎಂದು ಶಿಷ್ಯರು ಹೆದರಿದಾಗ, ನನ್ನ ಕೈಕಾಲು ನೋಡಿ, ಮುಟ್ಟಿ ನೋಡಿ, ಭೂತಕ್ಕೆ ಮಾಂಸ ಮೂಳೆ ಇರುವುದಿಲ್ಲ ಎನ್ನುತ್ತಾನೆ. ಅಷ್ಟಾದರೂ ಅವರಿಗೆ ನಂಬಲಾಗುವುದಿಲ್ಲ. ಆಗ ಒಂದು ತುಂಡು ಸುಟ್ಟ ಮೀನು ಇಸಿದುಕೊಂಡು ಅವರ ಎದುರಿಗೇ ತಿನ್ನುತ್ತಾನೆ. ಅದೇ ಅಧ್ಯಾಯದಲ್ಲಿ ಎಮ್ಮಾಹು ಎಂಬ ಊರಿಗೆ ಹೊರಟ ಇಬ್ಬರು ದಾರಿಯುದ್ದಕ್ಕೂ ಆತನ ಜೊತೆ ಮಾತಾಡಿದರೂ ಗುರುತು ಹಿಡಿಯುವುದಿಲ್ಲ. ರೊಟ್ಟಿ ಮುರಿದು ಕೊಟ್ಟ ಗಳಿಗೆಯಲ್ಲಿ ಗುರುತು ಸಿಗುತ್ತದೆ, ಆ ಗಳಿಗೆಯಲ್ಲೇ ಆತ ಕಾಣದಾಗುತ್ತಾನೆ.

ಯೋಹಾನ 20ಕ್ಕೆ ಬಂದಾಗ ನಿಧಾನ ಮಾಡಿ. ಚಿತ್ರಕಾರರು ಮತ್ತೆ ಮತ್ತೆ ಹಿಂದಿರುಗಿದ್ದು ಈ ಅಧ್ಯಾಯಕ್ಕೇ. ಇನ್ನೂ ಕತ್ತಲಿರುವಾಗ, ಯೇಸುವನ್ನು ಹಿಂಬಾಲಿಸಿದವರಲ್ಲಿ ಒಬ್ಬಳಾದ ಮಗ್ದಲದ ಮರಿಯಳು ಸಮಾಧಿಗೆ ಬರುತ್ತಾಳೆ. ಕಲ್ಲು ತೆಗೆದಿದೆ, ಒಳಗೆ ದೇಹವಿಲ್ಲ. ಅಳುತ್ತಾ ನಿಂತವಳಿಗೆ ಹಿಂದೆ ಒಬ್ಬ ಮನುಷ್ಯ ಕಾಣುತ್ತಾನೆ. ತೋಟಗಾರನಿರಬೇಕು ಅಂದುಕೊಳ್ಳುತ್ತಾಳೆ. ಆತ ಅವಳ ಹೆಸರು ಹಿಡಿದು ಕರೆದ ಕೂಡಲೇ ಅವಳಿಗೆ ಗೊತ್ತಾಗುತ್ತದೆ. ರಬ್ಬೂನಿ, ಗುರುವೇ, ಎನ್ನುತ್ತಾಳೆ. ಆಗ ಆತ ಹೇಳುವುದು: ನನ್ನನ್ನು ಮುಟ್ಟಬೇಡ, ನಾನಿನ್ನೂ ತಂದೆಯ ಬಳಿಗೆ ಏರಿ ಹೋಗಿಲ್ಲ, ನೀನು ಹೋಗಿ ನನ್ನ ಸಹೋದರರಿಗೆ ತಿಳಿಸು.

ಅದೇ ಸಂಜೆ ಬಾಗಿಲು ಹಾಕಿಕೊಂಡು ಕೂತ ಶಿಷ್ಯರ ನಡುವೆ ಬಂದು ಆತ ತನ್ನ ಕೈಗಳನ್ನೂ ಪಕ್ಕೆಯನ್ನೂ ತೋರಿಸುತ್ತಾನೆ. ಇದನ್ನು ಗಮನಿಸಿ, ಅವರು ಕೇಳಿರಲಿಲ್ಲ. ತೋಮ ಆವತ್ತು ಅಲ್ಲಿರಲಿಲ್ಲ. ಆಮೇಲೆ ಬಂದು, ಮೊಳೆಯ ಗುರುತಿನಲ್ಲಿ ಬೆರಳಿಟ್ಟು, ಪಕ್ಕೆಯಲ್ಲಿ ಕೈಯಿಟ್ಟು ನೋಡದೆ ನಂಬುವುದಿಲ್ಲ ಎನ್ನುತ್ತಾನೆ. ಒಂದು ವಾರದ ಮೇಲೆ ಯೇಸು ಮತ್ತೆ ಬಂದು ಅವನನ್ನೇ ಕರೆಯುತ್ತಾನೆ. ತೋಮನ ಬಾಯಿಂದ ಬರುವುದು: ನನ್ನ ಸ್ವಾಮಿ, ನನ್ನ ದೇವರು.

ತೋಮನನ್ನು ಸಂಶಯದವನು ಎಂದು ಹಳಿಯುವುದು ನನಗೆ ಸರಿ ಕಾಣುವುದಿಲ್ಲ. ಮಿಕ್ಕವರಿಗೆ ಕೇಳದೆ ಸಿಕ್ಕಿದ್ದಕ್ಕೇ ಅವನೂ ಕೈ ಚಾಚಿದ. ಮುಟ್ಟಬೇಕು ಎನ್ನುವುದನ್ನಷ್ಟೇ ಹೆಚ್ಚಿಗೆ ಸೇರಿಸಿದ. ಇದೇ ತೋಮ ಯೋಹಾನ 11ರಲ್ಲಿ, ಯೇಸು ಅಪಾಯದ ಜಾಗಕ್ಕೆ ಹೊರಟಾಗ, ನಾವೂ ಹೋಗಿ ಅವನೊಡನೆ ಸಾಯೋಣ ಎಂದವನು. ಆ ಇಡೀ ಸುವಾರ್ತೆಯಲ್ಲಿ ಯೇಸುವನ್ನು ಎದುರಿಗೇ ದೇವರೇ ಎಂದು ಕರೆದವನೂ ಅವನೇ.

ಒಂದೇ ಅಧ್ಯಾಯದಲ್ಲಿ ಒಬ್ಬಳಿಗೆ ಮುಟ್ಟಬೇಡ, ಇನ್ನೊಬ್ಬನಿಗೆ ಮುಟ್ಟು. ಯಾಕೆ? ಮರಿಯಳಿಗೆ ದನಿಯೊಂದರಿಂದಲೇ ಗುರುತು ಸಿಕ್ಕಾಗಿದೆ. ಅವಳಿಗೆ ಸಾಕ್ಷಿ ಬೇಕಿಲ್ಲ. ಅವಳಿಗೆ ಬೇಕಿರುವುದು ಹಳೆಯ ಒಡನಾಟ ಹಾಗೇ ಉಳಿಯುವುದು, ಅದು ಇನ್ನು ಹಾಗೇ ಉಳಿಯುವಂತಿಲ್ಲ. ತೋಮನಿಗೆ ದನಿ ಸಾಲದು, ಗಾಯ ಬೇಕು. ಅವರವರಿಗೆ ಬೇಕಾದ್ದನ್ನು ನೋಡಿ ಯೇಸು ನಡೆದುಕೊಳ್ಳುತ್ತಾನೆ ಅನ್ನುವುದು ನನ್ನ ಓದು. ನಿಮಗೆ ಬೇರೆ ಅನ್ನಿಸಬಹುದು. ಏನನ್ನಿಸಿತೋ ಅದನ್ನು ಪುಟದ ಅಂಚಿನಲ್ಲಿ ಬರೆದಿಟ್ಟು ಮುಂದೆ ಹೋಗಿ. ಚಿತ್ರ ನೋಡುವಾಗ ಅದು ಬೇಕಾಗುತ್ತದೆ.

ಹೆಜ್ಜೆ 2: ಯಾವ ಕಥೆ ಎಂದು ಗುರುತಿಸಿ

ಇದು ಸುಲಭ. ಮೊಣಕಾಲೂರಿದ ಹೆಂಗಸು, ಪಕ್ಕದಲ್ಲಿ ಸುಗಂಧ ತೈಲದ ಭರಣಿ, ಗುದ್ದಲಿಯನ್ನೋ ಸನಿಕೆಯನ್ನೋ ಬಾವುಟವನ್ನೋ ಹಿಡಿದ ಯೇಸು, ಹಿಂದೆ ತೋಟ. ಅದು ಮರಿಯಳ ಕಥೆ. ಮ್ಯೂಸಿಯಂಗಳು ಈ ದೃಶ್ಯವನ್ನು ಲ್ಯಾಟಿನ್‌ನಲ್ಲಿ 'ನೋಲಿ ಮೆ ತಾಂಜೆರೆ', ಅಂದರೆ ನನ್ನನ್ನು ಮುಟ್ಟಬೇಡ, ಎಂದು ಕರೆಯುತ್ತವೆ. ಅಂತರ್ಜಾಲದಲ್ಲಿ ಹುಡುಕುವಾಗಲೂ ಆ ಹೆಸರೇ ಕೆಲಸಕ್ಕೆ ಬರುತ್ತದೆ. ಗಂಡಸರ ಗುಂಪು, ಬಟ್ಟೆ ಸರಿಸಿದ ಎದೆ, ಮುಂದೆ ಬಂದ ಒಂದು ಬೆರಳು ಕಂಡರೆ ಅದು ತೋಮನ ಕಥೆ. ಪೂರ್ವದ ಆರ್ಥೊಡಾಕ್ಸ್ ಚರ್ಚುಗಳ (ಗ್ರೀಕ್, ರಷ್ಯನ್ ಮುಂತಾದವು) ಸಂಪ್ರದಾಯದ ಚಿತ್ರವಾದರೆ ಯೇಸುವಿನ ಹಿಂದೆ ಸಾಮಾನ್ಯವಾಗಿ ಮುಚ್ಚಿದ ಬಾಗಿಲು ಇರುತ್ತದೆ. ಗ್ರೀಸಿನ ಹೋಸಿಯೋಸ್ ಲೂಕಾಸ್ ಮಠದಲ್ಲಿ 11ನೇ ಶತಮಾನದ ಮೊಸಾಯಿಕ್ (ಬಣ್ಣದ ಸಣ್ಣ ಚೂರುಗಳನ್ನು ಜೋಡಿಸಿ ಮಾಡಿದ ಚಿತ್ರ) ಒಂದಿದೆ, ಅದರಲ್ಲಿ ಆ ಬಾಗಿಲು ಚೆನ್ನಾಗಿ ಕಾಣುತ್ತದೆ. ಊಟದ ಮೇಜು, ರೊಟ್ಟಿ, ಬೆಚ್ಚಿದ ಇಬ್ಬರು ಇದ್ದರೆ ಎಮ್ಮಾಹು.

ಹೆಜ್ಜೆ 3: ಮರಿಯಳ ಚಿತ್ರಗಳಲ್ಲಿ ಎರಡು ಕೈಗಳ ನಡುವಿನ ಜಾಗ ನೋಡಿ

ಪರದೆಯ ಮೇಲೆ ಚಿತ್ರವನ್ನು ದೊಡ್ಡದು ಮಾಡಿ. ಮರಿಯಳ ಬೆರಳ ತುದಿಯಿಂದ ಯೇಸುವಿನ ಕೈಗೆ, ಇಲ್ಲವೇ ಬಟ್ಟೆಗೆ, ಎಷ್ಟು ದೂರವಿದೆ? ಆ ಖಾಲಿ ಜಾಗದಲ್ಲಿ ಏನಿದೆ? ಇವೆರಡನ್ನೇ ಕೇಳಿಕೊಳ್ಳಿ.

ಫ್ಲಾರೆನ್ಸಿನ ಸ್ಯಾನ್ ಮಾರ್ಕೋ ಮಠದಿಂದ ಶುರು ಮಾಡಿ. ಅಲ್ಲಿನ ಸನ್ಯಾಸಿಗಳ ಕೋಣೆಗಳ ಗೋಡೆಗೆ ಫ್ರಾ ಆಂಜೆಲಿಕೋ, ತಾನೂ ಅದೇ ಪಂಗಡದ ಸನ್ಯಾಸಿ, 1440ರ ಸುಮಾರಿಗೆ ತನ್ನ ಸಹಾಯಕರ ಜೊತೆ ಚಿತ್ರ ಬರೆದ. ಒಂದನೇ ಕೋಣೆಯಲ್ಲಿರುವುದು ಮರಿಯಳ ದೃಶ್ಯ. ಯೇಸುವಿನ ಹೆಗಲ ಮೇಲೆ ಗುದ್ದಲಿ ಇದೆ. ಕಾಲುಗಳು ಅಡ್ಡಡ್ಡವಾಗಿ ಆಗಲೇ ಹೊರಟಿವೆ. ಮುಖ ಮತ್ತು ಕೈ ಮಾತ್ರ ಅವಳ ಕಡೆಗಿವೆ. ಈಗ ಹುಲ್ಲು ನೋಡಿ. ಹಸಿರಿನ ತುಂಬ ಕೆಂಪು ಹೂವಿನ ಚುಕ್ಕೆಗಳು. ಯೇಸುವಿನ ಕೈಕಾಲಿನ ಗಾಯವನ್ನೂ ಅಂಥದೇ ಕೆಂಪು ಚುಕ್ಕೆಯಿಂದ ಬರೆದಿದ್ದಾನೆ. ಮುಟ್ಟಬೇಡ ಎಂದ ದೇಹದ ಗುರುತು ಅವಳು ಮೊಣಕಾಲೂರಿದ ನೆಲದ ತುಂಬ ಹರಡಿದೆ. ಗಾಯವನ್ನು ಹೂವಾಗಿ ನೆಲಕ್ಕೆ ಬಿತ್ತುವ ತೋಟಗಾರ! ಇದನ್ನು ಒಬ್ಬ ಸನ್ಯಾಸಿ ದಿನವೂ ತನ್ನ ಕೋಣೆಯಲ್ಲಿ ಒಬ್ಬನೇ ಕೂತು ನೋಡುತ್ತಿದ್ದ.

ಅದರ ಪಕ್ಕದಲ್ಲಿ ಟಿಷಿಯನ್ ಚಿತ್ರ ಇಟ್ಟುಕೊಳ್ಳಿ. 1514ರ ಸುಮಾರಿನದು, ಈಗ ಲಂಡನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿದೆ. ಇಲ್ಲಿ ಮರಿಯಳು ನೆಲಕ್ಕೆ ಬಾಗಿ, ಒಂದು ಕೈಯನ್ನು ಭರಣಿಯ ಮೇಲೆ ಊರಿ, ಇನ್ನೊಂದನ್ನು ಚಾಚಿದ್ದಾಳೆ. ಯೇಸು ಬಿಳಿ ಬಟ್ಟೆಯನ್ನು ತನ್ನ ಕಡೆಗೆ ಎಳೆದುಕೊಳ್ಳುತ್ತಾನೆ. ಆದರೆ ಎದೆ, ತಲೆ ಅವಳ ಮೇಲೆ ಬಾಗಿವೆ. ಬೇಡ ಎನ್ನುವ ದೇಹವೇ ಹತ್ತಿರ ಬರುತ್ತಿದೆ. ಎಕ್ಸ್-ರೇ ತೆಗೆದಾಗ ಗೊತ್ತಾದದ್ದು ಏನೆಂದರೆ, ಟಿಷಿಯನ್ ಮೊದಲು ಯೇಸುವಿಗೆ ತೋಟಗಾರನ ಟೋಪಿ ಹಾಕಿ, ಅವಳಿಂದ ಆಚೆ ತಿರುಗಿದಂತೆ ಬರೆದಿದ್ದ. ಆಮೇಲೆ ಅದನ್ನು ಅಳಿಸಿ ಈಗಿನ ಬಾಗುವಿಕೆ ತಂದ. ತಿರುಗಿ ನಿಂತವನನ್ನು ಬಾಗಿದವನನ್ನಾಗಿ ಮಾಡಿದ್ದು ಸಣ್ಣ ತಿದ್ದುಪಡಿ ಅಲ್ಲ, ಅಲ್ವಾ? ಎರಡನೇ ಮಹಾಯುದ್ಧದಲ್ಲಿ ಈ ಗ್ಯಾಲರಿಯ ಚಿತ್ರಗಳನ್ನು ಬಾಂಬಿನಿಂದ ಕಾಪಾಡಲು ವೇಲ್ಸಿನ ಗಣಿಯೊಂದರಲ್ಲಿ ಇಟ್ಟಿದ್ದರು. 1942ರಲ್ಲಿ ಒಂದೊಂದೇ ಚಿತ್ರವನ್ನು ಲಂಡನ್ನಿಗೆ ತಂದು ಜನರಿಗೆ ತೋರಿಸುವ ಏರ್ಪಾಡಾಯಿತು. ಹಾಗೆ ಬಂದ ಚಿತ್ರಗಳಲ್ಲಿ ಇದೂ ಒಂದು. ಮನೆಯವರನ್ನು ಕಳೆದುಕೊಂಡ ಊರಿನ ಜನ ಈ ಚಿತ್ರದ ಮುಂದೆ ನಿಂತಾಗ ಆ ಚಾಚಿದ ಕೈಯಲ್ಲಿ ಏನು ಕಂಡಿರಬಹುದು ಎಂದು ಯೋಚಿಸಿ.

ಕೊರೆಜ್ಜೋ ಬರೆದದ್ದು, 1525ರ ಸುಮಾರಿನದು, ಮ್ಯಾಡ್ರಿಡ್ಡಿನ ಪ್ರಾದೋದಲ್ಲಿದೆ. ಅಲ್ಲಿ ಯೇಸುವಿನ ಒಂದು ಕೈ ಮೇಲಕ್ಕೆ ತೋರಿಸುತ್ತದೆ. ತಂದೆಯ ಬಳಿಗೆ ಇನ್ನೂ ಏರಿಲ್ಲ ಎಂಬ ಮಾತನ್ನೇ ಅವನು ಹಿಡಿದುಕೊಂಡಿದ್ದಾನೆ. ಮುಟ್ಟಬೇಡ ಎನ್ನುವುದಕ್ಕಿಂತ ಯಾಕೆ ಎನ್ನುವುದು ಅವನಿಗೆ ಮುಖ್ಯ.

ರೆಂಬ್ರಾಂಟ್ 1638ರಲ್ಲಿ ಇನ್ನೂ ಒಂದು ಗಳಿಗೆ ಹಿಂದಕ್ಕೆ ಹೋದ. ಬ್ರಿಟಿಷ್ ರಾಜಮನೆತನದ ಸಂಗ್ರಹದಲ್ಲಿರುವ ಆ ಚಿತ್ರದಲ್ಲಿ ಯೇಸುವಿಗೆ ಅಗಲವಾದ ಟೋಪಿ ಇದೆ, ಕೈಯಲ್ಲಿ ಸನಿಕೆ ಇದೆ. ಮರಿಯಳು ಈಗಷ್ಟೇ ಹಿಂದಿರುಗಿ ನೋಡುತ್ತಿದ್ದಾಳೆ. ಬೆಳಕು ಹರಿಯುತ್ತಿದೆ. ಯಾರೂ ಕೈ ಚಾಚಿಲ್ಲ. ಮುಟ್ಟುವ ಆಸೆ ಹುಟ್ಟುವ ಮೊದಲಿನ ನಿಮಿಷ ಅದು. ಈ ನಾಲ್ಕರಲ್ಲಿ ನನಗೆ ಹೆಚ್ಚು ಹತ್ತಿರವಾದದ್ದು ಇದೇ. ಗುರುತು ಸಿಗುವುದಕ್ಕೂ ಸ್ವಲ್ಪ ಹೊತ್ತು ಬೇಕು ಎನ್ನುವುದನ್ನು ಈ ಚಿತ್ರ ಗೌರವಿಸುತ್ತದೆ.

ಹೆಜ್ಜೆ 4: ತೋಮನ ಚಿತ್ರಗಳಲ್ಲಿ ಕೈಯನ್ನು ಯಾರು ನಡೆಸುತ್ತಿದ್ದಾರೆ ಎಂದು ಕೇಳಿ

ಇಲ್ಲಿ ದೂರ ಅಳೆದರೆ ಸಾಲದು. ಬೆರಳು ಯಾರ ಬಲದಿಂದ ಮುಂದೆ ಹೋಗುತ್ತಿದೆ ಎನ್ನುವುದು ಮುಖ್ಯ.

ಕಾರಾವಾಜ್ಜೋ ಚಿತ್ರವನ್ನೇ ಮೊದಲು ನೋಡಿ. 1601-02ರ ಸುಮಾರಿನದು, ಜರ್ಮನಿಯ ಪೋಟ್ಸ್‌ಡಾಮ್‌ನಲ್ಲಿ, ಸಾನ್‌ಸೂಸಿಯ ಚಿತ್ರಶಾಲೆಯಲ್ಲಿದೆ. ನಾಲ್ಕು ತಲೆಗಳು ಒಂದಕ್ಕೊಂದು ತಾಗುವಷ್ಟು ಹತ್ತಿರ. ಹಿಂದೆ ಬರೀ ಕತ್ತಲು. ತೋಮನ ಬೆರಳು ಗಾಯದ ಒಳಗೆ ಹೋಗಿದೆ, ಚರ್ಮದ ಅಂಚು ಮೇಲಕ್ಕೆದ್ದಿದೆ. ನೋಡುವಾಗ ಮೈ ಜುಮ್ಮೆನ್ನುತ್ತದೆ. ಆದರೆ ಅಲ್ಲೇ ಕಣ್ಣು ಸಿಕ್ಕಿಹಾಕಿಕೊಳ್ಳದಿರಲಿ. ಸ್ವಲ್ಪ ಎಡಕ್ಕೆ ಸರಿಯಿರಿ. ತೋಮನ ಮಣಿಕಟ್ಟನ್ನು ಹಿಡಿದಿರುವುದು ಯೇಸುವಿನ ಕೈ. ಬೆರಳನ್ನು ಒಳಗೆ ತರುತ್ತಿರುವವನು ಗಾಯಗೊಂಡವನೇ. ಇನ್ನು ತೋಮನ ಭುಜ ನೋಡಿ, ಅಂಗಿಯ ಹೊಲಿಗೆ ಬಿಚ್ಚಿದೆ. ಪಕ್ಕೆಯ ಸೀಳಿಗೂ ಬಟ್ಟೆಯ ಸೀಳಿಗೂ ಹೋಲಿಕೆ ಕಾಣುತ್ತದೆ. ಯೇಸುವಿನ ತಲೆಯ ಸುತ್ತ ಪ್ರಭೆ ಇಲ್ಲ. ದೇವರು ಎಂದು ತೋರಿಸುವ ಯಾವ ಗುರುತನ್ನೂ ಚಿತ್ರಕಾರ ಕೊಟ್ಟಿಲ್ಲ, ದೇಹ ಒಂದನ್ನು ಬಿಟ್ಟು.

ಇದಕ್ಕೆ ಎದುರಾಗಿ ರೆಂಬ್ರಾಂಟ್ 1634ರಲ್ಲಿ ಬರೆದದ್ದನ್ನು ನೋಡಿ. ಅದು ಮಾಸ್ಕೋದ ಪುಷ್ಕಿನ್ ಮ್ಯೂಸಿಯಂನಲ್ಲಿದೆ. ಯೇಸುವಿನಿಂದಲೇ ಬೆಳಕು ಹೊರಡುತ್ತದೆ. ಆತ ಬಟ್ಟೆ ಸರಿಸಿ ಪಕ್ಕೆ ತೋರಿಸುತ್ತಾನೆ. ತೋಮ ಹಿಂದಕ್ಕೆ ಸರಿದಿದ್ದಾನೆ, ಕೈಗಳು ಮೇಲೆದ್ದಿವೆ. ಮುಟ್ಟುವೆನೆಂದು ಹಟ ಹಿಡಿದವನು ಮುಟ್ಟಲು ಸಿಕ್ಕಾಗ ಮುಟ್ಟುತ್ತಿಲ್ಲ. ಯೋಹಾನನ ಮಾತಿಗೆ ಇದೂ ಸರಿಹೊಂದುತ್ತದೆ. ಯೇಸು ಕೊನೆಗೆ ಹೇಳುವುದು, ನನ್ನನ್ನು ನೋಡಿದ್ದರಿಂದ ನಂಬಿದ್ದೀಯ ಎಂದು. ಮುಟ್ಟಿದ್ದರಿಂದ ಎಂದು ಹೇಳುವುದಿಲ್ಲ.

ಈ ಭಿನ್ನಾಭಿಪ್ರಾಯ ಚಿತ್ರಕಾರರು ಹುಟ್ಟುಹಾಕಿದ್ದಲ್ಲ. ಅದು ಮೊದಲಿನಿಂದಲೂ ಇದೆ. 2ನೇ ಶತಮಾನದ ಆರಂಭದಲ್ಲಿ ಅಂತಿಯೋಕ್ಯದ ಬಿಷಪ್ ಇಗ್ನಾತಿಯಸ್ ಸ್ಮುರ್ನ ಊರಿನ ಕ್ರೈಸ್ತರಿಗೆ ಬರೆದ ಪತ್ರದಲ್ಲಿ ಶಿಷ್ಯರು ಮುಟ್ಟಿದರು, ನಂಬಿದರು ಎಂದು ನೇರವಾಗಿ ಇದೆ. ಯೇಸುವಿಗೆ ನಿಜವಾದ ದೇಹ ಇರಲೇ ಇಲ್ಲ, ಇದ್ದಂತೆ ಕಂಡಿತಷ್ಟೇ ಎಂದು ವಾದಿಸುವವರು ಆಗ ಇದ್ದರು. ಅವರಿಗೆ ಉತ್ತರ ಕೊಡಲು ಮುಟ್ಟುವುದು ಬೇಕಾಗಿತ್ತು. ಇನ್ನೂರೈವತ್ತಕ್ಕೂ ಹೆಚ್ಚು ವರ್ಷ ಕಳೆದು ಕ್ರೈಸ್ತ ಧರ್ಮಪಂಡಿತ ಅಗಸ್ಟೀನ್ ಈ ಭಾಗಕ್ಕೆ ವಿವರಣೆ ಕೊಡುವಾಗ, ಮುಟ್ಟಿದ್ದೀಯ ಎನ್ನದೆ ನೋಡಿದ್ದೀಯ ಎಂದದ್ದು ಯಾಕೆ ಎಂದು ನಿಂತು ಯೋಚಿಸುತ್ತಾನೆ. ನೋಟ ಎನ್ನುವುದು ಎಲ್ಲ ಇಂದ್ರಿಯಗಳಿಗೂ ಸಲ್ಲುವ ಮಾತು ಎನ್ನುವುದು ಅವನ ಒಂದು ಉತ್ತರ. ಪೋಪ್ ಮಹಾ ಗ್ರೆಗರಿ ಇನ್ನೂ ಮುಂದೆ ಹೋಗಿ, ಉಳಿದವರ ನಂಬಿಕೆಗಿಂತ ತೋಮನ ಅಪನಂಬಿಕೆಯೇ ನಮಗೆ ಹೆಚ್ಚು ಉಪಕಾರ ಮಾಡಿತು ಎಂದ. ಕಲೆಯಲ್ಲೂ ಬೆರಳು ತುಂಬಾ ಬೇಗ ಬಂತು. 420-430ರ ಸುಮಾರಿಗೆ ರೋಮಿನಲ್ಲಿ ಮಾಡಿದ, ಅಂಗೈ ಅಗಲದ ದಂತದ ಫಲಕವೊಂದು ಬ್ರಿಟಿಷ್ ಮ್ಯೂಸಿಯಂನಲ್ಲಿದೆ. ಅದರಲ್ಲಾಗಲೇ ತೋಮ ಪಕ್ಕೆಯ ಕಡೆಗೆ ಬೆರಳು ಚಾಚಿದ್ದಾನೆ.

ಬೆರಳಿಟ್ಟು ನೋಡದೆ ನಂಬೆನು ಎಂಬ ಮಾತು ಇನ್ನೊಂದು ಕಡೆಯೂ ಬರುತ್ತದೆ. ಬೈಬಲಿಗೆ ಸೇರದ, 2ನೇ ಶತಮಾನದ ಯಾಕೋಬನ ಆದಿ ಸುವಾರ್ತೆಯಲ್ಲಿ ಸಲೋಮೆ ಎಂಬವಳು ಕನ್ಯೆ ಹೆತ್ತಳೆಂದರೆ ನಂಬದೆ ಹಾಗೆ ಹೇಳುತ್ತಾಳೆ. ಪರೀಕ್ಷಿಸಿದ ಕೈ ನಾಶವಾಗತೊಡಗುತ್ತದೆ. ಆಮೇಲೆ ಮಗು ಯೇಸುವನ್ನು ಎತ್ತಿಕೊಂಡಾಗ ವಾಸಿಯಾಗುತ್ತದೆ. ಅವಳಿಗೆ ಶಿಕ್ಷೆ ಸಿಕ್ಕಿತು, ತೋಮನಿಗೆ ಆಹ್ವಾನ ಸಿಕ್ಕಿತು. ಎರಡನ್ನೂ ಒಟ್ಟಿಗೆ ಓದಿದರೆ ಯೋಹಾನನ ಯೇಸು ಎಷ್ಟು ಮೃದು ಎಂದು ಗೊತ್ತಾಗುತ್ತದೆ.

ಹೆಜ್ಜೆ 5: ಮೂಲತಃ ಅದು ಎಲ್ಲಿತ್ತು, ಯಾರು ನೋಡುತ್ತಿದ್ದರು?

ಮ್ಯೂಸಿಯಂ ಗೋಡೆಯ ಮೇಲೆ ಎಲ್ಲ ಚಿತ್ರವೂ ಒಂದೇ ರೀತಿ ಕಾಣುತ್ತದೆ. ಆದ್ದರಿಂದ ಈ ಪ್ರಶ್ನೆಯನ್ನು ಬಿಡಲೇಬಾರದು. ಮೂರು ಉದಾಹರಣೆ ಕೊಡುತ್ತೇನೆ.

ಮೊದಲನೆಯದು ಫ್ಲಾರೆನ್ಸಿನ ಓರ್ಸಾನ್‌ಮಿಕೇಲೆ ಕಟ್ಟಡದ ಹೊರಗೋಡೆಯ ಗೂಡಿಗಾಗಿ ವೆರೋಕ್ಕಿಯೋ ಮಾಡಿದ ಕಂಚಿನ ಯೇಸು ಮತ್ತು ತೋಮ. 1467ರಲ್ಲಿ ಶುರುವಾಗಿ 1483ರಲ್ಲಿ ಗೂಡು ಸೇರಿತು. ಮಾಡಿಸಿದ್ದು ಮೆರ್ಕಾಂಜಿಯಾ, ಅಂದರೆ ವ್ಯಾಪಾರಿಗಳ ನ್ಯಾಯಮಂಡಳಿ. ಸಾಕ್ಷಿ ಕೇಳದೆ ತೀರ್ಪು ಕೊಡಬಾರದವರು ಅವರು. ಸಾಕ್ಷಿ ಕೇಳಿದ ತೋಮ ಅವರಿಗೆ ಆದರ್ಶ! ಒಬ್ಬರಿಗಾಗಿ ಕಟ್ಟಿದ ಗೂಡಿನಲ್ಲಿ ಇಬ್ಬರನ್ನು ನಿಲ್ಲಿಸಬೇಕಿತ್ತು. ವೆರೋಕ್ಕಿಯೋ ಯೇಸುವನ್ನು ಒಳಗೆ ನಿಲ್ಲಿಸಿ, ತೋಮನನ್ನು ಅಂಚಿಗೆ ತಂದ. ತೋಮನ ಒಂದು ಪಾದ ಗೂಡಿನಿಂದ ಬೀದಿಯ ಕಡೆಗೆ ಚಾಚಿದೆ. ಬೀದಿಯಲ್ಲಿ ಹೋಗುವವರ ಕಡೆಯವನು ಅವನು. ಕೈ ಗಾಯದ ಹತ್ತಿರ ಬಂದಿದೆ, ತಾಗಿಲ್ಲ. ಬಟ್ಟೆಯ ಅಂಚಿನಲ್ಲಿ ಯೋಹಾನ 20ರ ಮಾತುಗಳನ್ನು ಲ್ಯಾಟಿನ್‌ನಲ್ಲಿ ಕೆತ್ತಿದ್ದಾರೆ. ದೊಡ್ಡದು ಮಾಡಿದರೆ ಓದಬಹುದು.

ಎರಡನೆಯದು ರೂಬೆನ್ಸ್ 1613-15ರಲ್ಲಿ ಆಂಟ್ವೆರ್ಪಿನ ನಿಕೊಲಾಸ್ ರೊಕೊಕ್ಸ್ ದಂಪತಿಗಳಿಗೆ ಬರೆದ ಮೂರು ಹಲಗೆಯ ಚಿತ್ರ. ಅವರ ಸಮಾಧಿಯ ಜಾಗಕ್ಕೆಂದು ಮಾಡಿಸಿದ್ದು. ನಡುವೆ ಯೇಸು ಶಿಷ್ಯರಿಗೆ ಕೈಯ ಗಾಯ ತೋರಿಸುತ್ತಾನೆ. ಪಕ್ಕೆಯ ಗಾಯ ಕಾಣುವುದೇ ಇಲ್ಲ, ಬೆರಳು ಹೋಗಲು ಜಾಗವೇ ಇಲ್ಲ. ಎರಡು ಬದಿಯಲ್ಲಿ ಗಂಡ ಹೆಂಡತಿ. ನೋಡದೆ ನಂಬಿದವರು ಧನ್ಯರು ಎಂದು ಯೇಸು ಕೊನೆಗೆ ತೋಮನಿಗೆ ಹೇಳಿದ ಮಾತು ಸಮಾಧಿಯ ಮೇಲೆ ಯಾರಿಗೆ ಸಲ್ಲುತ್ತದೆ ಎಂದು ಕೇಳಿದರೆ, ಬದಿಯ ಹಲಗೆಗಳೇ ಉತ್ತರ.

ಮೂರನೆಯದರಲ್ಲಿ ತೋಮನೂ ಇಲ್ಲ, ಮರಿಯಳು ಕೈ ಚಾಚುವುದೂ ಇಲ್ಲ. ಆದರೂ ಇದನ್ನು ಸೇರಿಸದೆ ಇರಲಾರೆ. ಗ್ರುನೆವಾಲ್ಡ್ 1512-16ರಲ್ಲಿ ಇಸೆನ್‌ಹೈಮ್ ಊರಿನ ಸಂತ ಅಂತೋಣಿ ಸಂಘದ ಮಠಕ್ಕೆ ಬರೆದ ಬಲಿಪೀಠದ ಚಿತ್ರಗಳು ಈಗ ಫ್ರಾನ್ಸಿನ ಕೊಲ್ಮಾರ್‌ನಲ್ಲಿವೆ. ಆ ಮಠದಲ್ಲಿ ಆಸ್ಪತ್ರೆ ಇತ್ತು. ಬೂಷ್ಟು ಹಿಡಿದ ರೈ ಧಾನ್ಯದಿಂದ ಬರುವ, ಅಂತೋಣಿಯ ಬೆಂಕಿ ಎಂದು ಕರೆಯುತ್ತಿದ್ದ ಕಾಯಿಲೆಯವರು ಅಲ್ಲಿಗೆ ಬರುತ್ತಿದ್ದರು. ಮೈ ಸುಟ್ಟಂತೆ ಉರಿದು, ಕೈಕಾಲು ಕೊಳೆತು, ಕತ್ತರಿಸಬೇಕಾಗುತ್ತಿತ್ತು. ಚಿತ್ರದ ರೆಕ್ಕೆಗಳು, ಅಂದರೆ ಬಾಗಿಲಿನಂತೆ ತೆರೆದು ಮುಚ್ಚುವ ಹಲಗೆಗಳು, ಮುಚ್ಚಿದ್ದಾಗ ಅವರಿಗೆ ಕಾಣುತ್ತಿದ್ದದ್ದು ಶಿಲುಬೆಯ ಮೇಲಿನ, ಹುಣ್ಣು ತುಂಬಿದ ಹಸಿರುಗಟ್ಟಿದ ದೇಹ. ಅವರ ದೇಹದಂಥದೇ ದೇಹ. ರೆಕ್ಕೆ ತೆರೆದಾಗ ಪುನರುತ್ಥಾನ: ಹುಣ್ಣೆಲ್ಲ ಮಾಯವಾಗಿ, ಚರ್ಮ ಬೆಳ್ಳಗೆ ಹೊಳೆಯುವ ಯೇಸು, ಎತ್ತಿದ ಕೈಗಳಲ್ಲಿ ಮೊಳೆಯ ಗಾಯ ಉಳಿದಿದೆ. ಮುಟ್ಟಿಸಿಕೊಳ್ಳಲು ಸಂಕೋಚಪಡುವ ಮೈ ಇರುವವರಿಗೆ, ಗಾಯ ಇದ್ದೂ ವಾಸಿಯಾದ ಮೈ ತೋರಿಸುವುದು ಎಂಥ ಮಾತು!

ಹೆಜ್ಜೆ 6: ಮುಟ್ಟುವವನು ಆತನಾದಾಗ

ಪೂರ್ವದ ಆರ್ಥೊಡಾಕ್ಸ್ ಸಂಪ್ರದಾಯದಲ್ಲಿ ಪುನರುತ್ಥಾನ ಎಂದರೆ ಮುಖ್ಯವಾಗಿ ಬರೆಯುವುದು ಬೇರೆಯದೇ ದೃಶ್ಯ. ಯೇಸು ಸತ್ತವರ ಲೋಕಕ್ಕೆ ಇಳಿದು ಆದಾಮ ಹವ್ವರನ್ನು ಗೋರಿಯಿಂದ ಎಬ್ಬಿಸುತ್ತಾನೆ. ಇಸ್ತಾಂಬುಲ್‌ನ ಖೋರಾ ಎಂಬ ಹಳೆಯ ಚರ್ಚ್ ಕಟ್ಟಡದಲ್ಲಿ 1315-21ರ ಸುಮಾರಿನ ಭಿತ್ತಿಚಿತ್ರ ಇದೆ. ಕಾಲ ಕೆಳಗೆ ಮುರಿದ ಬಾಗಿಲು, ಚೆಲ್ಲಾಪಿಲ್ಲಿಯಾದ ಬೀಗದ ಚೂರುಗಳು. ಎರಡೂ ಕೈಯಲ್ಲಿ ಇಬ್ಬರನ್ನು ಹಿಡಿದಿದ್ದಾನೆ. ಎಲ್ಲಿ ಹಿಡಿದಿದ್ದಾನೆ ನೋಡಿ: ಅಂಗೈಯನ್ನಲ್ಲ, ಮಣಿಕಟ್ಟನ್ನು. ಬಾವಿಗೆ ಬಿದ್ದವರನ್ನು ಎತ್ತುವಾಗ ಹಿಡಿಯುವ ಹಾಗೆ. ಎತ್ತಿಸಿಕೊಳ್ಳುವವರ ಬೆರಳಿಗೆ ಏನೂ ಕೆಲಸವಿಲ್ಲ. ಇದನ್ನು ನೋಡಿದ ಮೇಲೆ ಕಾರಾವಾಜ್ಜೋ ಚಿತ್ರಕ್ಕೆ ಇನ್ನೊಮ್ಮೆ ಹೋಗಿ. ಅಲ್ಲೂ ಯೇಸು ಹಿಡಿದದ್ದು ಮಣಿಕಟ್ಟನ್ನೇ.

ಹೆಜ್ಜೆ 7: ಚಿತ್ರವನ್ನೇ ಮುಟ್ಟುವವರನ್ನು ಗಮನಿಸಿ

ನೋಡದೆ ನಂಬಬೇಕಾದ ಜನರಿಗೆ ಮುಟ್ಟುವ ಆಸೆ ಹೋಗಲಿಲ್ಲ. ಅದು ಚಿತ್ರಗಳ ಕಡೆಗೆ, ಪವಿತ್ರ ಅವಶೇಷಗಳ ಕಡೆಗೆ ತಿರುಗಿತು. 787ರಲ್ಲಿ ಬಿಷಪ್‌ಗಳು ಸೇರಿದ ಎರಡನೇ ನೈಸಿಯಾ ಮಹಾಸಭೆ ಐಕಾನ್‌ಗಳಿಗೆ, ಅಂದರೆ ಪೂಜ್ಯ ಚಿತ್ರಗಳಿಗೆ, ಮುತ್ತಿಡುವುದನ್ನೂ ಅವಕ್ಕೆ ತಲೆಬಾಗುವುದನ್ನೂ ಒಪ್ಪಿತು. ಚಿತ್ರಕ್ಕೆ ಕೊಟ್ಟ ಗೌರವ ಚಿತ್ರದಲ್ಲಿರುವವರಿಗೆ ಸೇರುತ್ತದೆ ಎನ್ನುವುದು ಅದರ ತರ್ಕ. ರೋಮಿನ ಸಂತ ಪೇತ್ರರ ಬಸಿಲಿಕಾದಲ್ಲಿ ಪೇತ್ರನ ಕಂಚಿನ ವಿಗ್ರಹದ ಬಲಪಾದ ಶತಮಾನಗಳ ಮುಟ್ಟುವಿಕೆಗೆ ಸವೆದು, ಬೆರಳುಗಳ ಆಕಾರವೇ ಅಳಿಸಿದೆ. ಅದೇ ಊರಿನ ಸಾಂತಾ ಕ್ರೋಚೆ ಇನ್ ಜೆರುಸಲೆಮ್ಮೆ ಚರ್ಚಿನಲ್ಲಿ ತೋಮನ ಬೆರಳು ಎಂದು ಭಕ್ತರು ಗೌರವಿಸುವ ಅವಶೇಷ ಇದೆ. ಪ್ರಾತೋ ಊರಿನ ಪ್ರಧಾನ ಚರ್ಚಿನಲ್ಲಿ ಮಾತೆ ಮರಿಯಳ ಸೊಂಟದ ಪಟ್ಟಿ ಎಂದು ಕಾಪಾಡಿದ ಬಟ್ಟೆ ಇದೆ. ಆಕೆ ಸ್ವರ್ಗಕ್ಕೆ ಏರಿದಾಗಲೂ ತೋಮ ತಡವಾಗಿ ಬಂದ, ಅವನಿಗೆಂದು ಆಕೆ ಅದನ್ನು ಇಳಿಬಿಟ್ಟಳು ಎನ್ನುವುದು ಐತಿಹ್ಯ. ಮತ್ತೆ ತೋಮ, ಮತ್ತೆ ತಡ, ಮತ್ತೆ ಕೈಗೆ ಏನೋ ಒಂದು ಸಿಗುತ್ತದೆ. ಜನ ಅವನನ್ನು ಎಷ್ಟು ಚೆನ್ನಾಗಿ ಅರ್ಥ ಮಾಡಿಕೊಂಡಿದ್ದಾರೆ ನೋಡಿ.

ಇಂಥ ಜಾಗಕ್ಕೆ ಹೋದಾಗ ಒಂದೆರಡು ಎಚ್ಚರ. ಪ್ರಾರ್ಥನೆ ನಡೆಯುವಾಗ ಚಿತ್ರ ನೋಡಲು ಮುಂದೆ ನುಗ್ಗಬೇಡಿ. ಮುತ್ತಿಡುವವರ, ಅಳುವವರ ಫೋಟೋ ತೆಗೆಯಬೇಡಿ. ಭಕ್ತರು ಮುಟ್ಟುವುದನ್ನು ಮುಟ್ಟಬೇಕು ಅನ್ನಿಸಿದರೆ ಅವರ ಸಾಲಿನಲ್ಲಿ ನಿಂತು, ಅವರ ಹಾಗೇ ಮುಟ್ಟಿ. ಸುಮ್ನೆ ಕುತೂಹಲಕ್ಕೆ ಬೇಡ. ಮ್ಯೂಸಿಯಂನಲ್ಲಂತೂ ಕೈ ಹಿಂದಕ್ಕೇ ಇರಲಿ.

ಹೆಜ್ಜೆ 8: ಇನ್ನೊಬ್ಬರ ಜೊತೆ ನೋಡಿ

ಮಕ್ಕಳ ಜೊತೆಗಾದರೂ ಚರ್ಚ್ ಬಳಗದ ಜೊತೆಗಾದರೂ, ಸ್ನೇಹಿತರ ಜೊತೆಗಾದರೂ ಸರಿ. ಶೀರ್ಷಿಕೆ ಮುಚ್ಚಿ ಚಿತ್ರ ತೋರಿಸಿ. ಮುಟ್ಟಿದನಾ, ಇಲ್ಲವಾ? ಯಾರು ಯಾರ ಹತ್ತಿರ ಬಂದರು? ಮುಂದಿನ ಗಳಿಗೆಯಲ್ಲಿ ಈ ಕೈ ಎಲ್ಲಿರುತ್ತದೆ? ಈ ಮೂರನ್ನು ಕೇಳಿ. ಎಲ್ಲರೂ ಹೇಳಿ ಮುಗಿಸಿದ ಮೇಲೆ ಮಾತ್ರ ವಚನ ಓದಿ. ಮೊದಲೇ ಓದಿದರೆ ಸರಿಯಾದ ಉತ್ತರ ಹುಡುಕುವುದಕ್ಕೆ ಎಲ್ಲರೂ ಶುರುಮಾಡುತ್ತಾರೆ, ನೋಡುವುದು ನಿಂತುಹೋಗುತ್ತದೆ.

ಹೋಗಿ ನೋಡುವ ಅವಕಾಶ ಇರುವವರಿಗೆ

ಒಂದೇ ಊರು ಎಂದರೆ ಫ್ಲಾರೆನ್ಸ್. ಸ್ಯಾನ್ ಮಾರ್ಕೋದಿಂದ ಓರ್ಸಾನ್‌ಮಿಕೇಲೆಗೆ ನಡೆದೇ ಹೋಗಬಹುದು. ಬೀದಿಯ ಗೂಡಿನಲ್ಲಿ ಈಗಿರುವುದು ಪ್ರತಿಕೃತಿ, ಮೂಲ ಕಂಚು ಒಳಗಿನ ಮ್ಯೂಸಿಯಂನಲ್ಲಿದೆ. ಎರಡನ್ನೂ ನೋಡಿ. ಪಾದ ಬೀದಿಗೆ ಚಾಚಿದ್ದು ಹೊರಗೆ ನಿಂತರೇ ಅರ್ಥವಾಗುತ್ತದೆ.

ಇನ್ನೊಂದು ಊರು ಸೇರಿಸಬಹುದಾದರೆ ಪಾದುವಾ. ಅಲ್ಲಿನ ಸ್ಕ್ರೊವೆಂಜಿ ಚಾಪೆಲ್‌ನಲ್ಲಿ ಜೊತ್ತೋ 1303-05ರ ಸುಮಾರಿಗೆ ಬರೆದ ಭಿತ್ತಿಚಿತ್ರಗಳಿವೆ. ಮೊದಲೇ ಟಿಕೆಟ್ ಕಾಯ್ದಿರಿಸಬೇಕು. ಒಳಗಿನ ಗಾಳಿ ಕೆಡದಂತೆ ಮೊದಲು ಒಂದು ಕೋಣೆಯಲ್ಲಿ ಕಾಯಿಸಿ, ಆಮೇಲೆ ಸಾಮಾನ್ಯವಾಗಿ 15 ನಿಮಿಷ ಮಾತ್ರ ಒಳಗೆ ಬಿಡುತ್ತಾರೆ. ಆದ್ದರಿಂದ ಎಲ್ಲಿ ನೋಡಬೇಕು ಎಂದು ಗೊತ್ತಿರಲಿ. ಬಲಿಪೀಠಕ್ಕೆ ಮುಖ ಮಾಡಿ ನಿಂತರೆ ಎಡಗೋಡೆ, ಕಥೆಗಳ ಸಾಲಿನಲ್ಲಿ ಕೆಳಗಿನದು. ಶಿಲುಬೆಯಿಂದ ಇಳಿಸಿದ ದೇಹದ ಸುತ್ತ ಎಲ್ಲರೂ ಅಳುವ ದೃಶ್ಯದಲ್ಲಿ ಮಗ್ದಲದ ಮರಿಯಳು ಯೇಸುವಿನ ಪಾದಗಳನ್ನು ಎರಡೂ ಕೈಯಲ್ಲಿ ಹಿಡಿದು ಕೂತಿದ್ದಾಳೆ. ಅದರ ಮುಂದಿನ ದೃಶ್ಯದಲ್ಲಿ ಅವಳೇ ಮೊಣಕಾಲೂರಿ ಎರಡೂ ಕೈ ಚಾಚಿದ್ದಾಳೆ, ಆತ ಚೌಕಟ್ಟಿನ ಅಂಚಿಗೆ ಸರಿದು ಕೈ ತಡೆದಿದ್ದಾನೆ. ಸಿಕ್ಕ 15 ನಿಮಿಷದಲ್ಲಿ ಐದು ನಿಮಿಷ ಈ ಎರಡಕ್ಕೇ ಇಡಿ. ಒಂದರಿಂದ ಇನ್ನೊಂದಕ್ಕೆ ಅವಳ ಕೈಗಳನ್ನು ಮಾತ್ರ ನೋಡುತ್ತಾ ಹೋಗಿ.